ಹನ್ನೊಂದು ನಿಮಿಷ

ಫೆಬ್ರವರಿ 10, ಸೋಮವಾರ

ಮೂರನೇ ಪೀರಿಯಡ್, ಫೈನಲ್ ಬಿ.ಎ. ಹಾಜರಿ ಪುಸ್ತಕದಲ್ಲಿ ಐವತ್ನಾಲ್ಕು, ಎದುರಿಗೆ ಮೂವತ್ತೊಂದು. ಉಳಿದವರು ಕೆಲಸಕ್ಕೆ ಹೋಗಿರ್ತಾರೆ — ಡೆಲಿವರಿ, ಕೊರಿಯರ್, ಯಾವುದೋ ಶೆಡ್ಡಲ್ಲಿ ಪ್ಯಾಕಿಂಗ್. ಬೈಯೋಕೂ ಮನಸ್ಸು ಬರಲ್ಲ.

ಇವತ್ತು ಸಂವಿಧಾನದ ಹತ್ತೊಂಬತ್ತನೇ ವಿಧಿ. ಹದಿನಾಲ್ಕು ವರ್ಷದಿಂದ ಇದೇ ನೋಟ್ಸ್, ಇದೇ ಜೋಕು. ಮಾತಾಡುವ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ, ಸಂಘ ಕಟ್ಟುವ ಸ್ವಾತಂತ್ರ್ಯ... ಹೊರಗೆ ಲಾರಿ ಹಾರ್ನ್. ಕಿಟಕಿ ಮುಚ್ಚಿಸಿದೆ, ಸೆಕೆ. ತೆಗೆಸಿದೆ, ನನ್ನ ಮಾತು ನನಗೇ ಕೇಳಿಸಲ್ಲ. ಪೀಣ್ಯದಲ್ಲಿ ಪಾಠ ಅಂದ್ರೆ ಅರ್ಧ ಕಿರುಚಾಟ.

ಶೋಭಾರಾಣಿ ಎದ್ದಳು. ರಾಜಗೋಪಾಲನಗರದ ಹುಡುಗಿ. ತಂದೆ ಇಲ್ಲ, ತಾಯಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆ ಬರೆದಿದ್ದಾಳೆ, ಓಟದಲ್ಲೂ ಪಾಸು. ಕೇಳಿದಳು — "ಮೇಡಂ, ಆಯುಧ ಇಲ್ಲದೆ ಶಾಂತಿಯಿಂದ ಸೇರಬಹುದು ಅಂತಿದೆ. ಎಲ್ಲಿ ಸೇರಬೇಕು ಅಂತ ಇಲ್ವಲ್ಲ?"

ಬೆಂಗಳೂರಲ್ಲಿ ಈಗ ಧರಣಿ ಅಂದ್ರೆ ಫ್ರೀಡಂ ಪಾರ್ಕ್ ಒಂದೇ, ಬೇರೆ ಕಡೆ ಬಿಡಲ್ಲ ಅಂದೆ. ಹಿಂದಿನ ಬೆಂಚಿನ ಚಿರಂಜೀವಿ, ಅಲ್ಲಿಗೆ ಹೋಗಿ ಬರೋದ್ರಲ್ಲಿ ಸಿಟ್ಟೇ ಇಳಿದು ಹೋಗಿರುತ್ತೆ ಅಂದ. ಎಲ್ಲ ನಕ್ಕರು. ಅವಳು ನಗಲಿಲ್ಲ, ಬರೆದುಕೊಂಡಳು.

ಆಮೇಲೆ ಕಾರಿಡಾರಲ್ಲಿ ಸಿಕ್ಕು, ನಾಳೆ ಬಂದೋಬಸ್ತಿಗೆ ನಿಲ್ಲೋಳು ನಾನೇ ಅಲ್ವಾ ಮೇಡಂ, ತಿಳ್ಕೊಂಡಿರಬೇಕು ಅಂದಳು. ಈ ಕಾಲೇಜಿನಲ್ಲಿ ಪರೀಕ್ಷೆಗಲ್ಲದೆ ಪ್ರಶ್ನೆ ಕೇಳೋಳು ಒಬ್ಬಳಿದ್ದಾಳೆ. ಖುಷಿ ಆಯ್ತು.

ಫೆಬ್ರವರಿ 13, ಗುರುವಾರ

ಬೆಳಗ್ಗೆ 8:50. ಗೇಟಿನ ಎದುರು. ಮೊದಲನೇ ವರ್ಷದ ಸೌಮ್ಯಾ.

ರಸ್ತೆಯ ಎರಡೂ ಕಡೆ ಲಾರಿ ಸಾಲು. ಎರಡು ಲಾರಿ ಮಧ್ಯದಿಂದ ಹೊರಗೆ ಬಂದಿದ್ದಾಳೆ, ನೀರಿನ ಟ್ಯಾಂಕರ್ ಕಂಡಿಲ್ಲ. ಟ್ಯಾಂಕರಿನವನಿಗೆ ಅವಳೂ ಕಂಡಿಲ್ಲ.

ಐಡಿ ಕಾರ್ಡಿನ ಹಿಂದೆ ಇದ್ದ ತಂದೆಯ ನಂಬರಿಗೆ ಫೋನ್ ಮಾಡಿದ್ದು ನಾನು. ಆ ಕಡೆ ಮಷೀನ್ ಸದ್ದು. ಏನು, ಕೇಳಿಸ್ತಿಲ್ಲ ಅಂದರು. ಮೂರು ಸಲ ಅಂದರು. ಮೂರು ಸಲ ಹೇಳಿದೆ.

ಫೆಬ್ರವರಿ 17, ಸೋಮವಾರ

ಸಂತಾಪ ಸಭೆ. ಕಾಲೇಜು ಮ್ಯಾನೇಜ್‌ಮೆಂಟಿನ ಕಾರ್ಯದರ್ಶಿ ವೆಂಕಟೇಶಪ್ಪನವರು ಮಾತಾಡಿದರು. ವಿಧಿ ಅಂದರು. ಮಕ್ಕಳು ಫೋನ್ ನೋಡ್ಕೊಂಡು ರಸ್ತೆ ದಾಟಬಾರದು ಅಂದರು. ಅವಳ ಫೋನ್ ಬ್ಯಾಗಿನೊಳಗಿತ್ತು, ನಾನೇ ನೋಡಿದ್ದೇನೆ. ಎದುರುಗಡೆ ಗೋಡೌನ್ ಅವರದ್ದೇ. ಲೋಡಿಗೆ ಕಾಯೋ ಲಾರಿಗಳೆಲ್ಲ ರಸ್ತೆಯಲ್ಲೇ ನಿಲ್ಲೋದು. ಎಲ್ಲರಿಗೂ ಗೊತ್ತು. ಯಾರೂ ಆ ಮಾತು ಎತ್ತಲಿಲ್ಲ. ನಾನೂ.

ಮಧ್ಯಾಹ್ನ ಕ್ಲಾಸಿಗೆ ಹೋದರೆ ಐವತ್ನಾಲ್ಕೂ ಜನ ಇದ್ದಾರೆ. ಎಂದೂ ಬರದವರೂ ಬಂದಿದ್ದಾರೆ. ಏನ್ ಮಾಡೋದು ಮೇಡಂ ಅಂತ ನೋಡ್ತಾರೆ. ಪುಸ್ತಕ ತೆಗೆಯೋಕೆ ಆಗಲಿಲ್ಲ. ಅರ್ಜಿ ಬರೀರಿ ಅಂದೆ. ಇಂಟರ್ನಲ್ಸ್‌ಗೆ ಅದೇ ಅಸೈನ್‌ಮೆಂಟ್. ಯಾರಿಗೆ ಬರೀಬೇಕು, ಏನು ಕೇಳಬೇಕು, ಸ್ವೀಕೃತಿ ಸೀಲು ಯಾಕೆ ಬಿಡಬಾರದು — ಬೋರ್ಡ್ ಮೇಲೆ ಬರೆದುಕೊಟ್ಟೆ. ಒಂದು ಹಂಪ್, ಜೀಬ್ರಾ ಪಟ್ಟೆ, ಲಾರಿ ನಿಲ್ಲಿಸಬೇಡಿ ಅನ್ನೋ ಬೋರ್ಡು, ಬೆಳಗ್ಗೆ ಒಂದು ಗಂಟೆ ಒಬ್ಬ ಪೊಲೀಸ್. ಅಷ್ಟೇ.

ಫೆಬ್ರವರಿ 20, ಗುರುವಾರ

ಐವತ್ನಾಲ್ಕು ಅರ್ಜಿ ತಿದ್ದಿದೆ. ಬಹಳಷ್ಟು ಒಂದನ್ನೊಂದು ನೋಡಿ ಬರೆದದ್ದು. ಚಿರಂಜೀವಿಯದ್ದು ಎರಡೇ ಸಾಲು — "ನಮ್ಮ ಕಾಲೇಜು ಮುಂದೆ ಒಂದು ಹಂಪ್ ಹಾಕಿ ಸಾರ್. ಹಾಕಲ್ಲ ಅಂದ್ರೆ ಯಾಕೆ ಅಂತ ಹೇಳಿ." ಅವನಿಗೆ ಪೂರ್ತಿ ಮಾರ್ಕ್ಸ್ ಕೊಟ್ಟೆ.

ಫೆಬ್ರವರಿ 25, ಮಂಗಳವಾರ

ಶೋಭಾರಾಣಿ, ಚಿರಂಜೀವಿ, ನಾನು — ಮೂರು ಕಚೇರಿ ಸುತ್ತಿದೆವು. ಪಾಲಿಕೆಯವರು ಇದು ಕೈಗಾರಿಕಾ ಪ್ರದೇಶದ ರಸ್ತೆ ಅಂದರು. ಕೈಗಾರಿಕಾ ಪ್ರದೇಶದ ಕಚೇರಿಯವರು ಹಸ್ತಾಂತರ ಆಗಿಹೋಗಿದೆ ಅಂದರು. ಸಂಚಾರ ಠಾಣೆಯಲ್ಲಿ, ರಸ್ತೆಯವರು ಬರೆದುಕೊಟ್ಟರೆ ನಾವು ರೆಡಿ ಅಂದರು. ಮೂರೂ ಕಡೆ ಸೀಲ್ ಹಾಕಿಸಿಕೊಂಡಳು ಶೋಭಾ. ಒಂದು ಕಡೆ ಗುಮಾಸ್ತ ಗೊಣಗಿದ. ಅವಳು ಕದಲಲಿಲ್ಲ. ಒಳ್ಳೇ ಪೊಲೀಸ್ ಆಗ್ತಾಳೆ ಇವಳು.

ಮಾರ್ಚ್ 4, ಮಂಗಳವಾರ

ಒಂದೇ ಒಂದು ಉತ್ತರ ಬಂದಿದೆ. "ಸದರಿ ರಸ್ತೆಯು ಈ ಕಚೇರಿಯ ವ್ಯಾಪ್ತಿಗೆ ಒಳಪಡುವುದಿಲ್ಲ."

ಪ್ರಿನ್ಸಿಪಾಲ್ ಚನ್ನವೀರಪ್ಪನವರು ಕರೆಸಿದರು. ಒಳ್ಳೆಯ ಮನುಷ್ಯ. ರಿಟೈರ್ ಆಗೋಕೆ ಹದಿನಾಲ್ಕು ತಿಂಗಳಿದೆ, ದಿನ ಎಣಿಸ್ತಿದ್ದಾರೆ. ಅರ್ಜಿ ಕೊಟ್ಟಾಯ್ತಲ್ಲ, ಸಿಲಬಸ್‌ಗೆ ಬನ್ನಿ ಮೇಡಂ, ಮೇಲಿನವರು ಕೇಳ್ತಿದ್ದಾರೆ ಅಂದರು. ಮೇಲಿನವರು ಅಂದ್ರೆ ವೆಂಕಟೇಶಪ್ಪ. ಆಗಲಿ ಸಾರ್ ಅಂದೆ.

ಸಂಜೆ ಮನೇಲಿ ಇವರಿಗೆ ಹೇಳಿದೆ. ಇವರು ಬಾಗಲಕೋಟೆಯಿಂದ ಬಂದು ಇಪ್ಪತ್ತೆರಡು ವರ್ಷ, ಈ ಪೀಣ್ಯದಲ್ಲೇ ಟೂಲ್ ರೂಮಿನ ಸೂಪರ್‌ವೈಸರ್. ಮ್ಯಾನೇಜ್‌ಮೆಂಟ್ ಅಂದ್ರೆ ಏನು ಅಂತ ನನಗಿಂತ ಚೆನ್ನಾಗಿ ಗೊತ್ತು. "ನೀ ಪಾಠ ಹೇಳು ಹೇಮಾ. ಅದರಾಚೆ ಕಾಲು ಇಡಬ್ಯಾಡ" ಅಂದರು.

ಮಾರ್ಚ್ 11, ಮಂಗಳವಾರ

ಲ್ಯಾಬ್ ಹಿಂದಿನ ಮೆಟ್ಟಿಲ ಹತ್ತಿರ ಐದು ಜನ ಕಾಯ್ತಿದ್ದರು. ನಾಡಿದ್ದು ಹದಿಮೂರು, ಸೌಮ್ಯಾ ಹೋಗಿ ತಿಂಗಳಾಗುತ್ತೆ. ಬೆಳಗ್ಗೆ 8:50ಕ್ಕೆ ಗೇಟ್ ಹೊರಗೆ ಫುಟ್‌ಪಾತ್ ಮೇಲೆ ಅರ್ಧ ಗಂಟೆ ನಿಲ್ತಾರಂತೆ. ಘೋಷಣೆ ಇಲ್ಲ, ಮೈಕ್ ಇಲ್ಲ. ಅವಳ ಫೋಟೋ, ಕೈಯಲ್ಲಿ ಬರೆದ ರಟ್ಟು.

ಶೋಭಾ ಕೇಳಿದಳು — "ನಿಂತ್ರೆ ತಪ್ಪಾ ಮೇಡಂ?"

ಎರಡು ಉತ್ತರ ಇತ್ತು ನನ್ನ ಹತ್ರ. ಫ್ರೀಡಂ ಪಾರ್ಕ್ ಉತ್ತರ ಒಂದು. ಇನ್ನೊಂದು, ಹತ್ತೊಂಬತ್ತನೇ ವಿಧಿಯಲ್ಲಿ ಇರೋದು, ನಾನೇ ಪಾಠ ಮಾಡಿದ್ದು.

"ತಪ್ಪಲ್ಲ" ಅಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ನಾನೂ ಬರ್ತೀನಿ" ಅಂದೆ.

ಮಾರ್ಚ್ 13, ಗುರುವಾರ

ಹೋದೆ. 8:50ಕ್ಕೆ ಸರಿಯಾಗಿ. ಐದೇ ಜನ ಅಂದುಕೊಂಡಿದ್ದೆ, ನಲವತ್ತು ಮೀರಿತ್ತು. ಫುಟ್‌ಪಾತ್ ಎಷ್ಟಗಲ ಇದೆ ಅಲ್ಲಿ... ಹಿಂದಿನವರು ತಳ್ಳಿ ಮುಂದಿನವರು ರಸ್ತೆಗೆ ಇಳಿದರು. ಗೋಡೌನಿಗೆ ತಿರುಗಬೇಕಾದ ಲಾರಿ ನಿಂತಿತು, ಅದರ ಹಿಂದೆ ಇನ್ನೊಂದು. ಹಾರ್ನ್. ಶೋಭಾ ಎಲ್ಲರನ್ನೂ ಹಿಂದಕ್ಕೆ ಸರಿಸ್ತಾನೇ ಇದ್ದಳು. ನಾನು ಫೋಟೋ ಹಿಡಿದ ಹುಡುಗಿ ಪಕ್ಕ ನಿಂತಿದ್ದೆ.

9:01ಕ್ಕೆ ಪ್ರಿನ್ಸಿಪಾಲರ ಫೋನ್ ಬಂತು. ಒಳಗೆ ಬನ್ನಿ ಅಂದರು. ಹೋದೆ. ಎರಡು ನಿಮಿಷ ಬಂದೆ ಅಂತ ಹೇಳಿ ಹೋದೆ.

ಜೀಪು ಬಂದಿದ್ದು 9:10ಕ್ಕೆ. ಸ್ಟಾಫ್ ರೂಮ್ ಕಿಟಕಿಯಿಂದ ಕಂಡಿತು. ಹೊಡೆಯಲಿಲ್ಲ, ಬೈಯಲಿಲ್ಲ. ಹೆಸರು ಕೇಳಿದರು. ಮುಂದೆ ನಿಂತವರನ್ನ ಹತ್ತಿಸಿಕೊಂಡರು. ಶೋಭಾ, ಚಿರಂಜೀವಿ, ಇನ್ನು ಮೂರು ಹುಡುಗರು. ಹತ್ತೋ ಮುಂಚೆ ಶೋಭಾ ಗೇಟಿನ ಕಡೆ ತಿರುಗಿ ನೋಡಿದಳು. ಮೇಲೆ ನೋಡಲಿಲ್ಲ.

ಸಂಜೆ ಐದಕ್ಕೆ ಬಿಟ್ಟರಂತೆ.

ಮಾರ್ಚ್ 14, ಶುಕ್ರವಾರ

ಎಫ್‌ಐಆರ್ ಆಗಿದೆ. ಅಕ್ರಮ ಕೂಟ, ರಸ್ತೆ ತಡೆ. ದೂರು ಕೊಟ್ಟವನು ಗೋಡೌನ್ ಮ್ಯಾನೇಜರ್. ಎ-1 ಶೋಭಾರಾಣಿ.

ಪ್ರಿನ್ಸಿಪಾಲರ ಚೇಂಬರಿನಲ್ಲಿ ಒಂದು ಕಾಗದ ಟೈಪ್ ಆಗಿ ಕೂತಿತ್ತು. ವೆಂಕಟೇಶಪ್ಪನವರೂ ಕೂತಿದ್ದರು. ನನ್ನ ಕಡೆ ನೋಡಲಿಲ್ಲ, ಫೋನಲ್ಲಿ ಏನೋ ತಳ್ತಿದ್ದರು. ಕಾಗದದಲ್ಲಿ ಮೂರು ಸಾಲು. ವಿದ್ಯಾರ್ಥಿಗಳು ಯಾವುದೇ ಅಧ್ಯಾಪಕರ ಸೂಚನೆ ಅಥವಾ ಪ್ರೇರಣೆ ಇಲ್ಲದೆ, ಸ್ವಇಚ್ಛೆಯಿಂದ, ತರಗತಿಗೆ ಗೈರಾಗಿ... ಕೆಳಗೆ ನನ್ನ ಹೆಸರು, ಹೇಮಲತಾ, ರಾಜ್ಯಶಾಸ್ತ್ರ ವಿಭಾಗ.

ಪ್ರೇರಣೆ ಅನ್ನೋದು "ಪ್ರೇರಣ" ಅಂತ ಆಗಿತ್ತು. ತಿದ್ದಿದೆ. ತಿದ್ದಿ ಸಹಿ ಹಾಕಿದೆ.

ಮಾರ್ಚ್ 20

ಕ್ಲಾಸಿನಲ್ಲಿ ಹನ್ನೆರಡು ಜನ. ಐದೂ ಜನ ಸಸ್ಪೆಂಡ್. ಚುನಾವಣಾ ಆಯೋಗದ ರಚನೆ ಡಿಕ್ಟೇಟ್ ಮಾಡಿದೆ. ಯಾರೂ ಏನೂ ಕೇಳಲಿಲ್ಲ.

ಏಪ್ರಿಲ್ 6, ಭಾನುವಾರ

ಹದಿನೇಳು ದಿನ ಬರೆದಿಲ್ಲ. ಏನು ಬರೀಲಿ.

ಇವತ್ತು ಬೆಳಗ್ಗೆ ಹತ್ತೂವರೆಗೆ ಶೋಭಾಳ ತಾಯಿ ಕೃಷ್ಣಮ್ಮ ಮನೆಗೆ ಬಂದರು. ವಾರಕ್ಕೊಂದೇ ರಜೆ, ಆ ದಿನ ಬಂದಿದ್ದಾರೆ. ನಾಗಸಂದ್ರ ಮೆಟ್ರೋದಿಂದ ನಡೆದುಕೊಂಡು, ಕೇಳಿಕೊಂಡು. ಸೋಫಾ ತುದಿಯಲ್ಲಿ ಕೂತರು. ಕಾಫಿ ಬೇಡ ಅಂದರು. ಮಗಳ ವಿಚಾರ ಹೇಳಿದರು. ಕಾನ್‌ಸ್ಟೇಬಲ್ ತಾತ್ಕಾಲಿಕ ಪಟ್ಟಿಯಲ್ಲಿ ಶೋಭಾ ಹೆಸರು ಬಂದಿದೆ. ಇನ್ನು ಪೊಲೀಸ್ ವೆರಿಫಿಕೇಶನ್. ಯಾವ ಠಾಣೆ ವೆರಿಫೈ ಮಾಡಬೇಕೋ ಅದೇ ಠಾಣೆಯಲ್ಲಿ ಕೇಸು.

"ಮೇಡಮ್ಮ, ನಾನು ಜಗಳ ಆಡಕ್ಕೆ ಬಂದಿಲ್ಲ. ನನ್ನ ಮಗಳು ಟೇಸನ್‌ನಾಗೆ ಸಂಜೆಗಂಟ ಕೂತ್ರೂ ನಿಮ್ಮೆಸ್ರು ಏಳಿಲ್ಲ. ನನಗೂ ಏಳಿಲ್ಲ. ಆ ಚಿರಂಜೀವಿ ಏಳ್ದ. ನಿಂತ್ಕಳಿ ಅಂತ ನೀವೇ ಏಳಿದ್ರಾ?"

ಇವರು ಅಡಿಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡ್ತಿದ್ದರು.

"ಹೇಳಿದ್ದೆ" ಅಂದೆ.

"ಅಂಗಾದ್ರೆ ಅದನ್ನ ಬರ್ಕೊಡಿ."

ಐದು ನಿಮಿಷ ಕೂತಿದ್ದು ಎದ್ದರು. ಹೋಗುವಾಗ ಚಪ್ಪಲಿ ಮೆಟ್ಟುತ್ತಾ, ನಮ್ಮ ಹೊಲಿಗೆ ಲೈನಿನಲ್ಲಿ ಒಬ್ಬರ ಮಗಳೂ ಪೊಲೀಸ್ ಆಗಿಲ್ಲ ಅಂದರು. ನನಗೆ ಹೇಳಿದ್ದಲ್ಲ, ಸುಮ್ಮನೆ ಅಂದಿದ್ದು.

ಆಕೆ ಹೋದ ಮೇಲೆ ಇವರು ಹೇಳಿದರು. "ನೀ ಪಾಠ ಹೇಳಿದಿ, ಅವರು ಹೋಗಿ ನಿಂತರು. ಪಾಠ ಹೇಳೂದು ತಪ್ಪಲ್ಲ. ಸಹಿ ಹಾಕಿದ್ದೂ ತಪ್ಪಲ್ಲ. ಇಲ್ಲಿಗೆ ಮುಗಿಸು." ನಾನೂ ನಿಂತಿದ್ದೆ ಅಂತ ಇವರಿಗೆ ಇನ್ನೂ ಹೇಳಿರಲಿಲ್ಲ. ಹೇಳಿದೆ. ಇವರು ಟಿ.ವಿ. ಹಾಕಿ, ಸೌಂಡ್ ತೆಗೆದು ಕೂತರು. ಮಧ್ಯಾಹ್ನದವರೆಗೂ ಹಾಗೇ.

ಏಪ್ರಿಲ್ 7, ಸೋಮವಾರ. ಬೆಳಗ್ಗೆ 5:40

ಬರೆದುಕೊಡೋಣ ಅಂತ ಕೂತೆ. ದಿನಾಂಕ, ಸಮಯ, ಸ್ಥಳ. 8:50ರಿಂದ 9:01ರವರೆಗೆ ನಾನು ಅಲ್ಲಿದ್ದೆ. ಹನ್ನೊಂದು ನಿಮಿಷ. "ನಂತರ ಪ್ರಾಂಶುಪಾಲರ ಕರೆ ಬಂದಿದ್ದರಿಂದ..." ಅಂತ ಬರೆದು ಪೆನ್ನು ನಿಂತಿತು.

ಕರೆ ಬಂದಿರಲಿಲ್ಲ.

ಹದಿಮೂರನೇ ತಾರೀಖಿನ ಪುಟದಲ್ಲಿ ಬಂತು ಅಂತ ಬರೆದಿದ್ದೇನೆ. ಯಾರೂ ಓದದ ಪುಸ್ತಕದಲ್ಲಿ! ಆ ಲಾರಿಯವನು ಇಳಿದು ಫೋನಲ್ಲಿ ವಿಡಿಯೋ ತೆಗೀತಿದ್ದ. ನನ್ನ ಕಡೆ ತಿರುಗಿಸಿದ. ಫೋನ್ ಕಿವಿಗಿಟ್ಟುಕೊಂಡೆ. ಹಲೋ ಸಾರ್, ಬಂದೆ ಸಾರ್ ಅಂದೆ. ಆ ಕಡೆ ಯಾರೂ ಇರಲಿಲ್ಲ. ಹಾಗೇ ಮಾತಾಡ್ತಾ ಗೇಟಿನ ಒಳಗೆ ಹೋದೆ. ಎರಡು ನಿಮಿಷ ಅಂತ ಶೋಭಾಗೆ ಕೈಯಲ್ಲಿ ಸನ್ನೆ ಬೇರೆ ಮಾಡಿದೆ. ಅವಳು ತಲೆಯಾಡಿಸಿದಳು.

ಇಪ್ಪತ್ತೈದು ದಿನ ಇದನ್ನ ನಾನೇ ನಂಬಿದ್ದೆ.

ಹೇಳಿಕೆಯಲ್ಲಿ ಆ ಸಾಲು ಹೊಡೆದು ಹಾಕಿ, "ನಂತರ ಹೆದರಿ ಒಳಗೆ ಹೋದೆ" ಅಂತ ಬರೆದೆ. ಮೂರು ಪುಟ ಆಯ್ತು. ಹದಿನಾಲ್ಕರಂದು ಸಹಿ ಹಾಕಿದ ಕಾಗದ ಸುಳ್ಳು ಅಂತಾನೂ ಬರೆದೆ.

ಏಪ್ರಿಲ್ 8, ಮಂಗಳವಾರ

ಠಾಣೆಗೆ ಹೋದೆ. ಇವರು ಬರ್ತೀನಿ ಅನ್ನಲಿಲ್ಲ. ಆದರೆ ಫ್ಯಾಕ್ಟರಿಗೆ ಹೋಗೋ ದಾರೀಲಿ ಬೈಕಲ್ಲಿ ಅಲ್ಲಿವರೆಗೂ ಬಿಟ್ಟರು. ಇಳಿಯುವಾಗ, "ಎಲ್ಲಾ ಬರದಿಯೇನು?" ಅಂದರು. ಹೂಂ ಅಂದೆ. ಹೆಲ್ಮೆಟ್ ಗಾಜು ಇಳಿಸಿಕೊಂಡು ಹೋದರು.

ಇನ್‌ಸ್ಪೆಕ್ಟರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಕೂರಿಸಿದರು, ಮೂರೂ ಪುಟ ಓದಿದರು, ಮಡಿಚಿ ನನ್ನ ಮುಂದೆಯೇ ಇಟ್ಟರು.

"ಮೇಡಂ, ಇದನ್ನ ನಾನು ತಗೊಂಡ್ರೆ ನಿಮ್ಮನ್ನೂ ಸೇರಿಸಬೇಕಾಗುತ್ತೆ. ಬೇಕಾ?"

ಸೇರಿಸಿ, ಆ ಮಕ್ಕಳನ್ನ ಬಿಡಿ ಅಂದೆ. ಅವರು, ಕ್ಲಾಸಿನಲ್ಲಿ ದಡ್ಡ ಮಗುವಿಗೆ ಹೇಳ್ತೀವಲ್ಲ ಹಾಗೆ ಹೇಳಿದರು. "ನೀವು ಹೇಳಿದ್ರಿ ಅಂದ ಮಾತ್ರಕ್ಕೆ ಅವರು ಮಾಡಿಲ್ಲ ಅಂತ ಆಗಲ್ಲ ಮೇಡಂ. ಐದು ಇದ್ದಿದ್ದು ಆರಾಗುತ್ತೆ, ಅಷ್ಟೇ."

ಕಾನೂನು ಹಾಗೇ ಇದೆ. ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಅನ್ಸುತ್ತೆ.

ಕೊಟ್ಟೆ. ಸ್ವೀಕೃತಿ ಸೀಲು ಹಾಕಿಸಿಕೊಂಡು ಬಂದೆ.

ಏಪ್ರಿಲ್ 9, ಬುಧವಾರ

ಎ-6.

ಚನ್ನವೀರಪ್ಪನವರು ಎದ್ದು ನಿಂತು ಮಾತಾಡಿದರು, ಕೂರಿ ಅನ್ನಲಿಲ್ಲ. ನಾಳೆಯಿಂದ ಬರೋದು ಬೇಡ ಅಂತ ಮೇಲಿನವರು ಹೇಳಿದ್ದಾರೆ ಅಂದರು. ನಂದು ಹದಿಮೂರು ತಿಂಗಳಿದೆ ಮೇಡಂ, ಇಲ್ಲಾಂದ್ರೆ... ಅಂತ ನಿಲ್ಲಿಸಿದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಆ ವಾಕ್ಯ ನನ್ನ ಬಾಯಲ್ಲೂ ಇದ್ದದ್ದೇ.

ಸಂಜೆ ಏಳಕ್ಕೆ ಶೋಭಾ ಫೋನ್. ಥ್ಯಾಂಕ್ಸ್ ಹೇಳ್ತಾಳೆ ಅಂದುಕೊಂಡೆ. ಎಷ್ಟು ಸಣ್ಣವಳು ನಾನು.

"ಯಾಕೆ ಹೀಗೆ ಮಾಡಿದ್ರಿ ಮೇಡಂ? ನಿಮ್ಮ ಹೆಸರು ಬರಬಾರದು ಅಂತಾನೇ ಬಾಯಿ ಮುಚ್ಕೊಂಡು ಕೂತಿದ್ದೆ. ನಂದು ಹೋಗೋದು ಹೋಗಿತ್ತು. ನೀವಾದ್ರೂ ಕ್ಲಾಸಲ್ಲಿ ಇರ್ತಿದ್ರಿ."

ಅವಳ ಅಮ್ಮ ಬಂದಿದ್ದರು ಅಂತ ಹೇಳಲಿಲ್ಲ. ಅಮ್ಮ ಬಂದಿದ್ದು ಅವಳಿಗೆ ಗೊತ್ತಿಲ್ಲ. ಆ ಕರೆಯ ಸುಳ್ಳು ಹೇಳಿದೆ. ಕೇಳಿಸಿಕೊಂಡಳು. ಗೊತ್ತಿತ್ತು ಮೇಡಂ, ನಿಮ್ಮ ಫೋನ್ ಪರದೆ ಕಪ್ಪಗಿತ್ತು ಅಂದಳು.

ಮೇ 19, ಸೋಮವಾರ

ಸಸ್ಪೆನ್ಷನ್ ತೆಗೆದು ಐವರಿಗೂ ಹಾಲ್ ಟಿಕೆಟ್ ಕೊಟ್ಟರಂತೆ. ತಪ್ಪೊಪ್ಪಿಗೆ ಬರೆಸಿಕೊಂಡು. ಚಿರಂಜೀವಿ ಫೋನ್ ಮಾಡಿ ಹೇಳಿದ. ಶೋಭಾ ಮಾತ್ರ ತಪ್ಪು ಅನ್ನೋ ಪದ ಹಾಕದೆ ಬರೆದುಕೊಟ್ಟಳಂತೆ. ಅಲ್ಲಿ ಯಾರೂ ಪೂರ್ತಿ ಓದಿಲ್ಲ.

ನಾನು ಮನೇಲಿ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಮೇ ತಿಂಗಳಲ್ಲಿ ವ್ಯಾಲ್ಯುಯೇಶನ್ ಇಲ್ಲ.

ಜುಲೈ 22, ಮಂಗಳವಾರ

ಅಂತಿಮ ಪಟ್ಟಿ ಬಂತು. ಶೋಭಾ ಹೆಸರಿಲ್ಲ. ಕ್ರಿಮಿನಲ್ ಪ್ರಕರಣ ಬಾಕಿ ಇರುವುದರಿಂದ ಪರಿಗಣಿಸಿಲ್ಲ. ಡಿಗ್ರಿಯಲ್ಲಿ ಫಸ್ಟ್ ಕ್ಲಾಸ್ ಬಂದಿದೆ. ಎರಡೂ ಒಂದೇ ವಾರ.

ಫೋನಲ್ಲಿ ಅವಳು ಅಳ್ತಾ ಇರಲಿಲ್ಲ. ಅಮ್ಮ ಎರಡು ದಿನದಿಂದ ಮಾತಾಡ್ತಿಲ್ಲ ಮೇಡಂ, ಅದೇ ಬೇಜಾರು ಅಂದಳು. ಒಂದನೇ ತಾರೀಖಿಂದ ಅಮ್ಮನ ಗಾರ್ಮೆಂಟ್ಸ್‌ಗೇ ಸೇರ್ತಿದ್ದಾಳಂತೆ, ಚೆಕ್ಕಿಂಗ್ ಸೆಕ್ಷನ್.

ವಿಜಯನಗರದ ಕೋಚಿಂಗ್ ಸೆಂಟರಲ್ಲಿ ನನಗೂ ಕೆಲಸ ಸಿಕ್ಕಿದೆ. ಸಂವಿಧಾನವೇ. ಎ, ಬಿ, ಸಿ, ಡಿ — ಸರಿ ಉತ್ತರ ಗುರುತಿಸಿ. ಹತ್ತೊಂಬತ್ತನೇ ವಿಧಿಗೆ ಇಪ್ಪತ್ತು ನಿಮಿಷ.

ಬಸ್ಸಿನಲ್ಲಿ ಬರುವಾಗ ನೋಡಿದೆ. ಆ ರಸ್ತೆಗೆ ಹಂಪ್ ಬಂದಿದೆ. ಗೋಡೌನ್ ಗೇಟಿನ ಮುಂದೆ, ಲಾರಿ ತಿರುಗೋವಾಗ ಬೈಕಿನವರು ಬಂದು ಗುದ್ದಬಾರದು ಅಂತ. ಕಾಲೇಜು ಗೇಟಿಂದ ನೂರಡಿ ಆಚೆ. ಲಾರಿಗಳು ಅಲ್ಲೇ ನಿಂತಿವೆ, ಎರಡೂ ಕಡೆ.

ನವೆಂಬರ್ 12, ಬುಧವಾರ

ಕೋರ್ಟು. ಬೆಳಗ್ಗೆ ಹನ್ನೊಂದಕ್ಕೆ ಅಂತ ಹೇಳಿ ಮೂರೂವರೆಗೆ ಕರೆದರು.

ವಕೀಲ ಶಶಿಕುಮಾರ್ ನನ್ನ ಹಳೇ ವಿದ್ಯಾರ್ಥಿ, ಹತ್ತು ವರ್ಷದ ಹಿಂದಿನ ಬ್ಯಾಚು. ಕಾರಿಡಾರಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದ. ತಪ್ಪು ಒಪ್ಪಿಕೊಂಡರೆ ಸಣ್ಣ ದಂಡ, ಇವತ್ತೇ ಮುಗಿಯುತ್ತೆ. ಇಲ್ಲ ಅಂದ್ರೆ ವರ್ಷಗಟ್ಟಲೆ ಬರ್ತಾ ಇರಬೇಕು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿರಂಜೀವಿ ಕ್ಯಾಬ್ ಓಡಿಸ್ತಿದ್ದಾನೆ, ಒಂದು ದಿನ ಬಿಟ್ಟರೂ ಕಷ್ಟ. "ಸಾರಿ ಮೇಡಂ" ಅಂದ, ನನ್ನ ಮುಖ ನೋಡದೆ. ಸಾರಿ ಯಾಕೋ ಅಂದೆ. ಬೆನ್ನ ಮೇಲೆ ಕೈಯಿಟ್ಟೆ. ಶರ್ಟು ಪೂರ್ತಿ ಒದ್ದೆಯಾಗಿತ್ತು.

ಒಪ್ಪಿಕೊಂಡರೆ ಶಿಕ್ಷೆ ಆದ ಹಾಗೆ. ಶೋಭಾಗೆ ಸರ್ಕಾರಿ ಕೆಲಸದ ಬಾಗಿಲು ಪೂರ್ತಿ ಮುಚ್ಚುತ್ತೆ. ಒಪ್ಪದಿದ್ದರೆ, ಕೇಸು ಮುಗಿಯೋ ಹೊತ್ತಿಗೆ ವಯಸ್ಸಿನ ಮಿತಿ ಮೀರುತ್ತೆ. ಶಶಿ ಎರಡನ್ನೂ ಬಿಡಿಸಿ ಹೇಳಿದ. ಅವಳು ಹೂಂ ಅಂದಳು.

ಒಳಗೆ ಅವಳ ಹೆಸರೇ ಮೊದಲು. ತಪ್ಪು ಒಪ್ಪಿಕೊಳ್ತೀಯಾ ಅಂತ ಕೇಳಿದರು.

"ಇಲ್ಲ ಸಾರ್."

ಇಲ್ಲ ಅಂದ್ರೆ ವಿಚಾರಣೆ ನಡೆಯುತ್ತೆ, ಪ್ರತಿ ಸಲ ಬರಬೇಕಮ್ಮ ಅಂದರು ಮ್ಯಾಜಿಸ್ಟ್ರೇಟರು. ಗದರಿದ್ದಲ್ಲ, ಮನೆಯವರು ಹೇಳೋ ಹಾಗೇ ಹೇಳಿದರು.

"ಬರ್ತೀನಿ ಸಾರ್."

ನಾಲ್ಕು ಹುಡುಗರು ಒಪ್ಪಿಕೊಂಡರು. ಕೊನೆಗೆ ನಾನು. ಇವರು ಬೆಳಗ್ಗೆ ಹೊರಡುವಾಗ, "ಮುಗಿಸಿಕೊಂಡು ಬಾ" ಅಂದಿದ್ದರು. ಮ್ಯಾಜಿಸ್ಟ್ರೇಟರಿಗೆ ನಾನೂ ಇಲ್ಲ ಅಂದೆ. ಬೆಂಚ್ ಕ್ಲರ್ಕಿಗೆ ಕೇಳಿಸಲಿಲ್ಲ, ಜೋರಾಗಿ ಹೇಳಿ ಅಂದರು. ಪೀಣ್ಯದಲ್ಲಿ ಹದಿನಾಲ್ಕು ವರ್ಷ ಕಿರುಚಿ ಪಾಠ ಮಾಡಿದ ಗಂಟಲು. ಎರಡನೇ ಸಲ ಹೇಳೋಕೆ ಎಷ್ಟು ಹೊತ್ತು ಬೇಕಾಯ್ತು.

ಮುಂದಿನ ತಾರೀಖು ಫೆಬ್ರವರಿಗೆ.

ವಾಪಸ್ ಮೆಟ್ರೋದಲ್ಲಿ ಶೋಭಾ ಪಕ್ಕದಲ್ಲಿ ನಿಂತಿದ್ದಳು. ಯಶವಂತಪುರ ದಾಟಿದ ಮೇಲೆ ಬಾಯಿಬಿಟ್ಟಳು. ಅವಳ ಫ್ಯಾಕ್ಟರಿಯಲ್ಲಿ ಹೆಂಗಸರು ಊಟದ ಹೊತ್ತಲ್ಲಿ ಗುಂಪಾಗಿ ಕೂತು ಮಾತಾಡಬಾರದು ಅಂತ ಹೊಸ ನಿಯಮ. ಯಾಕೆ ಅಂತ ಕೇಳಿದ ಇಬ್ಬರನ್ನ ಮೂರು ದಿನ ಗೇಟಿನ ಹೊರಗೇ ನಿಲ್ಲಿಸಿದ್ದಾರೆ.

"ಮೇಡಂ, ಇದು ಹತ್ತೊಂಬತ್ತರಲ್ಲಿ ಬರುತ್ತಾ?"

ಈ ಸಲ ಉತ್ತರ ಒಂದೇ ಇತ್ತು. ಹತ್ತೊಂಬತ್ತು ಇರೋದು ಸರ್ಕಾರದ ಎದುರಿಗೆ. ಕಂಪನಿ ಓನರ್ ಎದುರಿಗೆ ಹಾಗೆ ಬರಲ್ಲ. ಹೇಳಿದೆ. ಅವಳು ಕಂಬಿ ಹಿಡಿದು ಹೊರಗೆ ನೋಡ್ತಿದ್ದಳು. ಕೆಳಗೆ ಶೆಡ್ಡುಗಳ ತಗಡು, ತಗಡಿನ ಮೇಲೆ ತಗಡು.

ಹಾಗಾದ್ರೆ ಯಾವುದ್ರಲ್ಲಿ ಬರುತ್ತೆ ಅಂತ ನೋಡಿಟ್ಟಿರಿ ಅಂದಳು. ಭಾನುವಾರ ಬರ್ತಾರಂತೆ ಮನೆಗೆ, ನಾಲ್ಕು ಜನ. ಆಯ್ತು ಅಂದುಬಿಟ್ಟೆ.

ನವೆಂಬರ್ 16, ಭಾನುವಾರ. ಬೆಳಗ್ಗೆ 10:15

ಮೂರು ದಿನ ಕಾರ್ಮಿಕ ಕಾನೂನು ಓದಿದೆ. ದಾರಿ ಇದೆ. ಸಂಘ ಕಟ್ಟಬಹುದು, ಅದಕ್ಕೆ ಕಾನೂನಿದೆ, ಅಧಿಕಾರಿ ಇದ್ದಾರೆ. ಪುಸ್ತಕದಲ್ಲಿ ಎಲ್ಲಾ ಇದೆ. ಯಾವಾಗಲೂ ಇರುತ್ತೆ.

ಈ ಕೇಸಿನಲ್ಲಿ ನನಗೆ ಸಿಕ್ಕ ಜಾಮೀನಿನ ಕಾಗದವನ್ನೂ ಮತ್ತೆ ಓದಿದೆ. ಇಂಥದ್ದೇ ಕೃತ್ಯದಲ್ಲಿ ಮತ್ತೆ ತೊಡಗಬಾರದು, ಬೇರೆಯವರನ್ನು ತೊಡಗಿಸಬಾರದು. ಮನೇಲಿ ಕೂತು ಕಾನೂನು ಹೇಳಿಕೊಡೋದು ತೊಡಗಿಸೋದಾ? ಶಶಿಯನ್ನ ಕೇಳಿದೆ. ಗೊತ್ತಿಲ್ಲ ಮೇಡಂ, ಮಾಡದೇ ಇರೋದು ಸೇಫು ಅಂದ.

ನನ್ನದು ಬಿಡಿ. ಆ ಹೆಂಗಸರೆಲ್ಲ ನಾನು ಹೇಳಿದ್ದು ಕೇಳಿಕೊಂಡು ನಾಳೆ ಫ್ಯಾಕ್ಟರಿಗೆ ಹೋಗ್ತಾರೆ. ಯಾರೋ ಎದ್ದು ನಿಲ್ತಾರೆ. ಗೇಟಿನ ಹೊರಗೆ ಮೂರು ದಿನ ಅಲ್ಲ, ಪೂರ್ತಿ. ಆಗ ನಾನು ಎಲ್ಲಿರ್ತೀನಿ?

ಇವರಿಗೆ ಹೇಳಿದೆ, ಜನ ಬರ್ತಾರೆ ಅಂತ. ಕುರ್ಚಿ ಸಾಲೂದಿಲ್ಲ, ಚಾಪಿ ಹಾಸಬೇಕು ಅಂದರು. ಸಿಟ್ಟಿನಲ್ಲಿ ಅಂದರೋ, ನಿಜವಾಗ್ಲೂ ಅಂದರೋ ಗೊತ್ತಾಗಲಿಲ್ಲ. ವಾಕಿಂಗ್ ಅಂತ ಹೋದವರು ಇನ್ನೂ ಬಂದಿಲ್ಲ.

10:40

ಬಾಲ್ಕನಿಯಿಂದ ನೋಡಿದೆ. ಕೆಳಗೆ ಸೆಕ್ಯುರಿಟಿ ಹತ್ತಿರ ನಿಂತಿದ್ದಾರೆ. ರಿಜಿಸ್ಟರಿನಲ್ಲಿ ಹೆಸರು ಬರೆಸ್ತಿದ್ದಾನೆ ಅವನು, ಒಬ್ಬೊಬ್ಬರದ್ದೇ. ಶೋಭಾ ಮುಂದೆ. ನಾಲ್ಕಲ್ಲ. ಎಣಿಸಿದೆ, ಹದಿನೇಳು. ಕೃಷ್ಣಮ್ಮನೂ ಇದ್ದಾರೆ, ಹಿಂದೆ, ಸೆರಗು ಹೊದ್ದುಕೊಂಡು. ಅಸೋಸಿಯೇಷನ್‌ನವರು ಒಬ್ಬರು ಇಳಿದು ಬಂದು ಏನೋ ಕೇಳ್ತಿದ್ದಾರೆ. ಸೆಕ್ಯುರಿಟಿ ನಮ್ಮ ಮನೆ ಕಡೆ ಕೈ ತೋರಿಸಿದ.

ಇಂಟರ್‌ಕಾಮ್ ಬಡಿದುಕೊಳ್ತಿದೆ. ಒಳಗೆ ಬಿಡಲಾ ಮೇಡಂ ಅಂತ ಕೇಳೋಕೆ ಇರಬೇಕು. ನಿಂತಿತು.

ಮತ್ತೆ ಬಡೀತಿದೆ. ಪೆನ್ನು ಇಡ್ತೀನಿ, ಎತ್ತಬೇಕು.